ಅಣ್ಣಂದಿರು ಹಾರಿದರು, ತಂಗಿ ಹೊಲಿದಳು

ಕಥೆಗಳಲ್ಲಿ ಬರುವ ರಾಜರಿಗೆ ಎರಡನೇ ಮದುವೆ ಕೂಡದು ಎಂಬ ಕಾನೂನೊಂದಿದ್ದಿದ್ದರೆ, ಜಗತ್ತಿನ ಎಷ್ಟೋ ಅಡುಗೂಲಜ್ಜಿ ಕಥೆಗಳು ಮೊದಲ ಪುಟದಲ್ಲೇ ಸುಖವಾಗಿ ಮುಗಿದುಹೋಗುತ್ತಿದ್ದವು. ರಾಣಿ ತೀರಿಕೊಳ್ಳುತ್ತಾಳೆ, ರಾಜ ಕಣ್ಣೊರೆಸಿಕೊಂಡು ಇನ್ನೊಬ್ಬಳನ್ನು ತರುತ್ತಾನೆ, ಬಂದವಳಿಗೆ ಮಾಟ ಗೊತ್ತಿರುತ್ತದೆ. ಹೆಣ್ಣು ನೋಡಲು ಹೋದಾಗ ಸಂಗೀತ ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದೆಲ್ಲ ಕೇಳುವ ಹಿರಿಯರು ಈ ಒಂದು ವಿಷಯ ಮಾತ್ರ ಯಾಕೆ ವಿಚಾರಿಸುವುದಿಲ್ಲವೋ! ಮುಂದಿನದು ಗೊತ್ತಿದ್ದದ್ದೇ. ಗಂಡುಮಕ್ಕಳು ಹಕ್ಕಿಗಳಾಗಿ ಹಾರಿಹೋಗುತ್ತಾರೆ, ಹೆಣ್ಣುಮಗಳು ನೆಲದ ಮೇಲೆ ಉಳಿಯುತ್ತಾಳೆ.

ಎಲಿಜಬೆತ್ ಲಿಮ್ ಅವರ ‘ಸಿಕ್ಸ್ ಕ್ರಿಮ್ಸನ್ ಕ್ರೇನ್ಸ್’ 2021ರಲ್ಲಿ ಬಂದ ಕಾದಂಬರಿ. ಹದಿಹರೆಯದವರಿಗೆಂದು ಬರೆದದ್ದು. ವಯಸ್ಸಾದವರು ಮುಟ್ಟಬಾರದೆಂದು ಎಲ್ಲೂ ಅಚ್ಚು ಹಾಕಿಲ್ಲವಾದ್ದರಿಂದ ನಾನೂ ಓದಿದೆ. ಕಿಯಾಟಾ ಎಂಬ ಕಲ್ಪನೆಯ ದೇಶ. ಅಲ್ಲಿನ ಊಟ, ಉಡುಪು, ಡ್ರ್ಯಾಗನ್ನುಗಳೆಲ್ಲ ಪೂರ್ವ ಏಷ್ಯಾದ ಕಡೆಯವು. ಅಲ್ಲಿ ಆರು ಅಣ್ಣಂದಿರ ಮುದ್ದಿನ ತಂಗಿ ಶಿಯೊರಿ. ಅವಳಿಗೆ ಮಾಯಾವಿದ್ಯೆ ಒಲಿದಿದೆ, ಆ ದೇಶದಲ್ಲಿ ಅದಕ್ಕೆ ನಿಷೇಧ. ನಿಶ್ಚಿತಾರ್ಥದ ಬೆಳಿಗ್ಗೆ, ತಾನೇ ಮಡಚಿ ಜೀವ ಕೊಟ್ಟ ಕಿಕಿ ಎಂಬ ಕಾಗದದ ಹಕ್ಕಿ ಕೈತಪ್ಪಿ ಹಾರುತ್ತದೆ. ಅದರ ಹಿಂದೆ ಓಡಿದ ಹುಡುಗಿ ಸೀದಾ ಕೆರೆಗೆ ಧುಮುಕುತ್ತಾಳೆ. ಬೇಡದ ಗಂಡನ್ನು ತಪ್ಪಿಸಿಕೊಳ್ಳಲು ಜಾತಕ ಕೂಡಿಬರಲಿಲ್ಲ ಎನ್ನುವುದಕ್ಕಿಂತ ಇದು ಎಷ್ಟೋ ಚೆಂದದ ಉಪಾಯ.

ಆದರೆ ಮಲತಾಯಿ ರೈಕಾಮಾಳಿಗೆ ಗುಟ್ಟು ತಿಳಿಯುತ್ತದೆ. ಆರೂ ಜನ ರಾಜಕುಮಾರರು ಕೆಂಪು ನೆತ್ತಿಯ ಕೊಕ್ಕರೆಗಳಾಗುತ್ತಾರೆ. ಶಿಯೊರಿಯ ತಲೆಗೆ ಮರದ ಬೋಗುಣಿಯೊಂದು ಕವುಚಿಕೊಂಡು ಅರ್ಧ ಮುಖ ಮುಚ್ಚುತ್ತದೆ, ಯಾರಿಗೂ ಗುರುತು ಸಿಗದಂತೆ. ಅದೂ ಸಾಲದೆಂದು ಒಂದು ಶಾಪ: ಅವಳ ಬಾಯಿಂದ ಹೊರಬೀಳುವ ಒಂದೊಂದು ಮಾತಿಗೂ ಒಬ್ಬೊಬ್ಬ ಅಣ್ಣನ ಪ್ರಾಣ ಹೋಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾವು ಗಾದೆ ಹೇಳಿ ಕೈತೊಳೆದುಕೊಳ್ಳುತ್ತೇವೆ. ಅವಳ ಪಾಲಿಗೆ ಹೋಗುವವನು ಒಡಹುಟ್ಟಿದವನು.

ಬಾಯಿ ಮುಚ್ಚಿಸುವ ಈ ಪದ್ಧತಿ ಲಿಮ್ ಕಂಡುಹಿಡಿದದ್ದಲ್ಲ. ಯುರೋಪಿನ ಅಜ್ಜಿಯರು ಇದನ್ನು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. 1812ರಿಂದ ಬರತೊಡಗಿದ ಗ್ರಿಮ್ ಸಹೋದರರ ಸಂಗ್ರಹದಲ್ಲಿ ಆರು ಜನ ಹಂಸಗಳಾದರು, ಏಳು ಜನ ಕಾಗೆಗಳಾದರು, ಹನ್ನೆರಡು ಜನವೂ ಕಾಗೆಗಳೇ ಆದರು. 1838ರಲ್ಲಿ ಡೆನ್ಮಾರ್ಕಿನ ಆ್ಯಂಡರ್ಸನ್ ಬರೆದಾಗ ಹನ್ನೊಂದು ಹಂಸಗಳು. ಅಣ್ಣಂದಿರ ಲೆಕ್ಕ ಹೀಗೆ ಹೇಳುವವರ ಇಷ್ಟದಂತೆ ಏರಿಳಿಯುತ್ತದೆ. ತಂಗಿ ಮಾತ್ರ ಎಲ್ಲ ಕಡೆಯೂ ಒಬ್ಬಳೇ. ಸಹಾಯಕ್ಕೆ ಇನ್ನೊಬ್ಬ ತಂಗಿಯನ್ನು ಕೊಡಲು ಯಾರಿಗೂ ಕೈ ಬಂದಿಲ್ಲ.

ಗ್ರಿಮ್‌ರ ಆರು ಹಂಸಗಳ ತಂಗಿ ಅಣ್ಣಂದಿರು ಮತ್ತೆ ಮನುಷ್ಯರಾಗಬೇಕಾದರೆ ಆರು ವರ್ಷ ಮಾತಾಡುವಂತಿಲ್ಲ, ನಗುವಂತೆಯೂ ಇಲ್ಲ. ಜೊತೆಗೆ ಹೂವಿನಿಂದ ಆರು ಅಂಗಿ ಹೊಲಿಯಬೇಕು. ಈ ನಡುವೆ ಒಬ್ಬ ರಾಜ ಅವಳನ್ನು ಮದುವೆಯಾಗುತ್ತಾನೆ. ಮಾತೇ ಆಡದ ಹೆಂಡತಿ ಸಿಕ್ಕಳೆಂದು ಅವನಿಗೆ ಸಂತೋಷವಿದ್ದಿರಬೇಕು, ಅತ್ತೆಗೆ ಮಾತ್ರ ಸಹಿಸಲಾಗುವುದಿಲ್ಲ. ಹುಟ್ಟಿದ ಮಕ್ಕಳನ್ನು ಕದ್ದು, ಸೊಸೆಯೇ ತಿಂದಳೆಂದು ದೂರು ಹೇಳುತ್ತಾಳೆ. ಸೊಸೆ ತುಟಿ ಬಿಚ್ಚುವುದಿಲ್ಲ, ಸೂಜಿಯನ್ನೂ ಕೆಳಗಿಡುವುದಿಲ್ಲ. ಆ್ಯಂಡರ್ಸನ್ನನ ಎಲಿಸಾಳದು ಇನ್ನೂ ಕಷ್ಟ: ಸ್ಮಶಾನದ ತುರಿಕೆ ಗಿಡ ಕಿತ್ತು, ಬರಿಗಾಲಲ್ಲಿ ತುಳಿದು, ನಾರು ತೆಗೆದು ಅಂಗಿ ಮಾಡಬೇಕು. ಮಾಟಗಾತಿಯೆಂದು ಸುಡಲು ಬಂಡಿಯಲ್ಲಿ ಕರೆದೊಯ್ಯುವಾಗಲೂ ಅವಳು ಹೆಣೆಯುತ್ತಲೇ ಇರುತ್ತಾಳೆ. ಕೊನೆಗೂ ಒಂದು ತೋಳು ಬಾಕಿ ಉಳಿದು, ಕಿರಿಯ ಅಣ್ಣನಿಗೆ ಒಂದು ಕೈಯ ಬದಲು ರೆಕ್ಕೆಯೇ ಖಾಯಂ. ಅವನು ಮುಂದೆ ಹಬ್ಬಹುಣ್ಣಿಮೆಯಲ್ಲೆಲ್ಲ ‘ನೀನು ಇನ್ನೊಂದು ಗಳಿಗೆ ಬೇಗ ಹೊಲಿದಿದ್ದರೆ...’ ಎಂದು ಅವಳ ತಲೆ ತಿಂದಿರಬಹುದೆಂದು ನನ್ನ ಗುಮಾನಿ.

ಎಲ್ಲಕ್ಕಿಂತ ನನಗೆ ಸಿಟ್ಟು ಬರುವುದು ಏಳು ಕಾಗೆಗಳ ಅಪ್ಪನ ಮೇಲೆ. ಅಲ್ಲಿ ಮಲತಾಯಿಯೂ ಇಲ್ಲ, ಮಾಟವೂ ಇಲ್ಲ. ನೀರು ತರಲು ಹೋದ ಹುಡುಗರು ತಡಮಾಡಿದರೆಂದು ಈ ಪುಣ್ಯಾತ್ಮ ‘ಇವರೆಲ್ಲ ಕಾಗೆಗಳಾಗಿ ಹೋಗಲಿ’ ಎಂದುಬಿಟ್ಟ, ಆದರು. ಅವರನ್ನು ಹುಡುಕಿ ಗಾಜಿನ ಬೆಟ್ಟದವರೆಗೆ ನಡೆದ ತಂಗಿ, ಬೀಗ ತೆಗೆಯಲು ಬೇರೇನೂ ಇಲ್ಲದೆ ತನ್ನ ಕಿರುಬೆರಳನ್ನೇ ಕತ್ತರಿಸಿ ಕೀಲಿ ಮಾಡಿಕೊಳ್ಳುತ್ತಾಳೆ. ಅಪ್ಪನ ನಾಲಿಗೆ ಜಾರಿದ್ದಕ್ಕೆ ಮಗಳ ಬೆರಳು ದಂಡ. ಅವನಿಗೆ ಒಂದು ದಿನದ ಮೌನವ್ರತವನ್ನೂ ಯಾರೂ ವಿಧಿಸಿಲ್ಲ.

ಲಿಮ್ ಈ ಹಳೆಯ ಅನ್ಯಾಯವನ್ನು ತೆಗೆದುಹಾಕಿಲ್ಲ, ಅದರೊಳಗೇ ಒಂದು ಕಿಂಡಿ ಕೊರೆದಿದ್ದಾರೆ. ಅವರು ಜೂಲಿಯಾರ್ಡ್‌ನಲ್ಲಿ ಸಂಗೀತ ಸಂಯೋಜನೆ ಕಲಿತವರು. ಹೊರಗೆ ಸದ್ದಿಲ್ಲದಿದ್ದರೂ ಒಳಗೆ ಹಾಡು ನಡೆಯುತ್ತಿರುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಿಯೊರಿ ಮೂಲತಃ ವಾಚಾಳಿ. ಬಾಯಿ ಕಟ್ಟಿದ ಮೇಲೂ ಅವಳ ಮನಸ್ಸಿನ ಮಾತು ಕಿಕಿಗೆ ಕೇಳಿಸುತ್ತದೆ, ಕಿಕಿಯದು ಅವಳಿಗೆ. ಆ ಅಂಗೈಯಗಲದ ಕಾಗದದ ಹಕ್ಕಿ ಸಲಹೆ ಕೊಡುತ್ತದೆ, ಬೈಯುತ್ತದೆ, ಹಂಗಿಸುತ್ತದೆ. ಶಿಯೊರಿಯ ಇನ್ನೊಂದು ಕಿಂಡಿ ಅಡುಗೆಮನೆ. ಹಳ್ಳಿಯೊಂದರ ಹೋಟೆಲಿನಲ್ಲಿ ದುಡಿಯುವಾಗ ಅವಳು ಮಾಡುವ ಮೀನಿನ ಸಾರು, ತೀರಿಹೋದ ಅಮ್ಮನ ಕೈರುಚಿಯದು. ಮಾತಿಲ್ಲದವಳ ಗುರುತು ಉಂಡವರ ನಾಲಿಗೆಗೆ ಹತ್ತುತ್ತದೆ.

ರಾಜಕುಮಾರಿ, ಮಾತಾಡುವ ಹಕ್ಕಿ ಎಂದರೆ ನಮಗೆ ಮೊದಲು ನೆನಪಾಗುವವಳು ದಮಯಂತಿ. ಮಹಾಭಾರತದಿಂದ ಕನಕದಾಸರ ‘ನಳಚರಿತ್ರೆ’ಯವರೆಗೂ ಆ ಹಂಸ ದಲ್ಲಾಳಿ ಹಣ ಕೇಳದೆ ಸಂಬಂಧ ಕುದುರಿಸಿದೆ. ಅದು ಯಾರ ಅಣ್ಣನೂ ಅಲ್ಲ. ಹಾಗಾಗಿ ದಮಯಂತಿ ಯಾರಿಗೂ ಅಂಗಿ ಹೊಲಿಯಬೇಕಾಗಲಿಲ್ಲ. ಅವಳ ಕಷ್ಟಗಳು ಮದುವೆಯ ನಂತರ ಶುರುವಾದವು, ಅದು ಬೇರೆ ಮಾತು.

ಇನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಕಥೆಯೇ ತಿರುವುಮುರುವು. ವರ್ಷವರ್ಷವೂ ಗೂಡು ಕಟ್ಟಲು ಬರುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ಊರವರು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಕಾಣುತ್ತಾರೆ. ಕಥೆಗಳಲ್ಲಿ ಮನೆಯ ಗಂಡುಮಕ್ಕಳು ಹಕ್ಕಿಗಳಾದರೆ, ಇಲ್ಲಿ ಹಕ್ಕಿಗಳೇ ಮನೆಯ ಹೆಣ್ಣುಮಕ್ಕಳಾಗಿವೆ. ಯಾರೂ ಅವುಗಳ ರೆಕ್ಕೆ ಬಿಡಿಸಿ ಮನುಷ್ಯರನ್ನಾಗಿ ಮಾಡಲು ಹೊರಟಿಲ್ಲ. ಹುಣಸೆಮರ ಬಿಟ್ಟುಕೊಟ್ಟು, ಗದ್ದಲವನ್ನೂ ಮೀನಿನ ವಾಸನೆಯನ್ನೂ ಸಹಿಸಿಕೊಂಡು, ಮರಿಗಳು ಬಲಿತ ಮೇಲೆ ಕಳಿಸಿಕೊಡುತ್ತಾರೆ.

ನನಗೆ ಇನ್ನೂ ಓದಲು ಸಿಗದ ಕಾದಂಬರಿ ಒಂದಿದೆ. ಅದರಲ್ಲಿ ತಂಗಿ ಕೊಕ್ಕರೆಯಾಗಿರುತ್ತಾಳೆ. ಆರು ಜನ ಅಣ್ಣಂದಿರು ಆರು ವರ್ಷ ಮಾತಿಲ್ಲದೆ ಕೂತು ಒಂದೇ ಒಂದು ರವಿಕೆ ಹೊಲಿಯಬೇಕು. ಮೊದಲ ದಿನ ಸೂಜಿಗೆ ದಾರ ಪೋಣಿಸುವ ಹೊತ್ತಿಗೇ, ಪೋಣಿಸುವ ಸರಿಯಾದ ರೀತಿ ಯಾವುದೆಂದು ದೊಡ್ಡಣ್ಣ ಬಾಯಿ ತೆರೆದಿರುತ್ತಾನೆ. ಉಳಿದ ಐವರು ಅವನನ್ನು ತಿದ್ದುತ್ತಾರೆ. ಮೇಲಿನ ಕೊಂಬೆಯಿಂದ ಇದನ್ನೆಲ್ಲ ನೋಡಿದ ತಂಗಿ, ಈ ವರ್ಷವಂತೂ ರವಿಕೆ ಆಗುವುದಿಲ್ಲವೆಂದು ಲೆಕ್ಕ ಹಾಕಿ, ಮೀನು ಹಿಡಿಯಲು ಕೆರೆಯ ಕಡೆ ಹೊರಡುತ್ತಾಳೆ.