ಲೂಪ್ ರಾಯರು

ಬೆಂಗಳೂರಿನಲ್ಲಿ ಕಾರ್ಖಾನೆಗಳ ನಕ್ಷೆ ಮಾಡುವ ಯಾವ ಕಂಪನಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಎರಡು ಮಾನಿಟರುಗಳ ಹಿಂದೆ ಅರ್ಧ ತಲೆ ಮಾತ್ರ ಕಾಣುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿದೆ. ಯಾರು ಯಾವ ಪೈಪಿನ ನಕ್ಷೆ ತಂದರೂ ‘ಇಲ್ಲೊಂದು ಲೂಪ್ ಹಾಕಿ’ ಅನ್ನುವುದರಿಂದ ಎಲ್ಲರ ಬಾಯಲ್ಲೂ ಅವರು ಲೂಪ್ ರಾಯರು.

ರಾಯರ ತಕರಾರು ಒಂದೇ. ಪೈಪು ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ, ಅದಕ್ಕೆ ನಡುವೆ ಒಂದು ಬಾಗು, ಅಂದರೆ ಲೂಪ್, ಕೊಟ್ಟು ಜಾಗ ಬಿಡಿ. ಜಾಗ ಬಿಡುವುದೆಂದರೆ ಲೇಔಟ್ ವಿಭಾಗದ ಹುಡುಗರಿಗೆ ಪ್ರಾಣ ಬಿಟ್ಟಂತೆ.

‘ಸರ್, ಟ್ಯಾಂಕಿಂದ ಪಂಪಿಗೆ ನೆಟ್ಟಗೆ ಎಳೆದುಬಿಟ್ಟಿದ್ದೀನಿ. ಎಷ್ಟು ಪೈಪು ಉಳೀತು ನೋಡಿ.’

‘ಪೈಪು ಉಳೀತಪ್ಪ. ಪಂಪು ಉಳಿಯಲ್ಲ.’

ಪೈಪಿನ ಮೇಲಿನ ಒತ್ತಡ ಲೆಕ್ಕ ಹಾಕುವ ಸೀಸರ್ ತಂತ್ರಾಂಶ ಸುತ್ತಿ ಸುತ್ತಿ ಕೆಂಪಕ್ಷರದಲ್ಲಿ ಉತ್ತರ ಕೊಡುತ್ತದೆ. ರಾಯರ ಮುಖ ಅರಳುವುದು ಆಗಲೇ.

ಹಿಂದೆ ಅವರು ತೈಲ ಸಂಸ್ಕರಣಾಗಾರಗಳ ಪೈಪುಗಳನ್ನು ಬಳುಕಿಸುತ್ತಿದ್ದವರು. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆಯ ಗುರಿ. ಕಂಪನಿಯ ಗೋಡೆಗಳು ರಾತ್ರೋರಾತ್ರಿ ಹಸಿರಾದವು, ಕುಂಡದಲ್ಲಿ ಗಿಡ ಬಂತು, ಮ್ಯಾನೇಜರರು ಸಭೆಯಲ್ಲಿ ‘ನಾವು ಭೂಮಿಯನ್ನು ಉಳಿಸುತ್ತಿದ್ದೇವೆ’ ಎಂದರು. ಹಿಂದಿನ ಸಾಲಿನಿಂದ ರಾಯರು ಕೈ ಎತ್ತಿ, ‘ಉಳಿಸೋಣ ಸಾರ್, ಆದ್ರೆ ಮೂರನೇ ಲೈನಿನ ಪೈಪು ಹಿಡಿಯೋ ಆಂಕರ್ ಎಲ್ಲಿ ಹೋಯ್ತು?’ ಎಂದು ಕೇಳಿದರು.

ಇಂಧನ ಸ್ವಚ್ಛವಾದರೆ ಕಬ್ಬಿಣ ಸಾಧುವಾಗುತ್ತದೆಯೇ? ದ್ರವ ಹೈಡ್ರೋಜನ್ ಇರುವುದು ಮೈನಸ್ 253 ಡಿಗ್ರಿಯಲ್ಲಿ. ಆ ಚಳಿಗೆ ಸ್ಟೇನ್‌ಲೆಸ್ ಸ್ಟೀಲ್ ಮೀಟರಿಗೆ ಸುಮಾರು 3 ಮಿಲಿಮೀಟರ್ ಮುದುಡಿಕೊಳ್ಳುತ್ತದೆ. ಸೌರಗೋಪುರದ ಸ್ಥಾವರಗಳಲ್ಲಿ ಕರಗಿದ ಉಪ್ಪು 565 ಡಿಗ್ರಿಯಲ್ಲಿ ಹರಿಯುತ್ತದೆ. ಅಲ್ಲಿ ಅದೇ ಪೈಪು ಮೀಟರಿಗೆ ಹತ್ತಿರಹತ್ತಿರ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಸಾಲದ್ದಕ್ಕೆ ಹೈಡ್ರೋಜನ್ ಉಕ್ಕಿನೊಳಗೇ ನುಸುಳಿ ಅದನ್ನು ಪೆಡಸು ಮಾಡುತ್ತದೆ. ‘ಹಳೇ ಪೆಟ್ರೋಲೇ ವಾಸಿ, ಹೊಗೆ ಬಿಟ್ರೂ ಮರ್ಯಾದಸ್ತ’ ಎಂದು ರಾಯರು ಗೊಣಗುವುದುಂಟು, ಅದೂ ಮ್ಯಾನೇಜರರು ಕಾಫಿಗೆ ಎದ್ದ ಮೇಲೆ.

ಯಾರಾದರೂ ‘ಇಷ್ಟೆಲ್ಲ ಲೆಕ್ಕ ಯಾಕೆ ಸಾರ್, ಸೈಟಿನಲ್ಲಿ ಹೊಂದಿಸಿಕೊಳ್ತಾರೆ’ ಎಂದರೆ ಮಾತ್ರ ಅವರ ದನಿ ಬದಲಾಗುತ್ತದೆ. ಇಂಗ್ಲೆಂಡಿನ ಫ್ಲಿಕ್ಸ್‌ಬರೋ, 1974ರ ಜೂನ್ 1. ಅಲ್ಲಿನ ರಾಸಾಯನಿಕ ಕಾರ್ಖಾನೆಯಲ್ಲಿ ಕೆಟ್ಟ ರಿಯಾಕ್ಟರೊಂದನ್ನು ತೆಗೆದು, ಆ ಜಾಗಕ್ಕೆ ಹಂಗಾಮಿ ಪೈಪು ಜೋಡಿಸಿದ್ದರು. ಅದರ ನಕ್ಷೆ ಬರೆದದ್ದು ವರ್ಕ್‌ಶಾಪಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ. ಆ ಪೈಪು ಕಿತ್ತುಕೊಂಡು ಸ್ಫೋಟವಾಯಿತು, 28 ಜನ ಸತ್ತರು. ಇಷ್ಟು ಹೇಳಿ ರಾಯರು ಸುಮ್ಮನಾಗುತ್ತಾರೆ. ಹುಡುಗರು ತೆಪ್ಪಗೆ ಹೋಗಿ ಲೂಪ್ ಹಾಕುತ್ತಾರೆ.

ಇನ್ನು ಸಂಸಾರ. ಗೃಹಪ್ರವೇಶಕ್ಕೆ ಹೋದವರೆಲ್ಲ ದೇವರಮನೆ ನೋಡಿದರೆ ಇವರು ಸೀದಾ ತಾರಸಿಗೆ ಹತ್ತುತ್ತಾರೆ. ಅಲ್ಲಿ ಸೋಲಾರ್ ಹೀಟರಿನ ಸಿಪಿವಿಸಿ ಪ್ಲಾಸ್ಟಿಕ್ ಪೈಪನ್ನು ಎರಡೂ ತುದಿಗೆ ಸಿಮೆಂಟಿನಲ್ಲಿ ಹೂತಿರುತ್ತಾರೆ. ‘ಇದು ಕಬ್ಬಿಣಕ್ಕಿಂತ ಐದು ಪಟ್ಟು ಹಿಗ್ಗತ್ತೆ ಮಾರಾಯ! ಹತ್ತು ಮೀಟರಿಗೆ, ನಲವತ್ತು ಡಿಗ್ರಿ ಏರಿದ್ರೆ ಒಂದಂಗುಲ!’ ಪ್ಲಂಬರ್ ಬೀಡಿ ಆರಿಸಿ, ‘ಇಪ್ಪತ್ತು ವರ್ಷದಿಂದ ಹಿಂಗೇ ಹಾಕ್ತಿದೀನಿ ಸಾಮಿ, ಒಂದೂ ಹಿಗ್ಗಿಲ್ಲ’ ಅನ್ನುತ್ತಾನೆ. ಕೆಳಗಿನಿಂದ ಹೆಂಡತಿ, ‘ರೀ, ಊಟಕ್ಕೆ ಎಲೆ ಹಾಕಿದ್ದಾರೆ’ ಎಂದು ಕೂಗುತ್ತಾರೆ. ಹೋಳಿಗೆ ಆರುತ್ತದೆ, ವಾದ ಆರುವುದಿಲ್ಲ.

ಸ್ಥಾವರದ ಉದ್ಘಾಟನೆಗೆ ರಾಯರಿಗೆ ಕರೆ ಬರುವುದಿಲ್ಲ. ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ: ಮಂತ್ರಿಗಳು, ಹಾರ, ಚಪ್ಪಾಳೆ. ರಾಯರು ಕನ್ನಡಕ ಸರಿಮಾಡಿಕೊಂಡು ನೋಡುವುದು ಮಂತ್ರಿಗಳ ಹೆಗಲಾಚೆಯ ಪೈಪನ್ನು. ‘ಪೈಪು ಜರುಗೋಕೆ ಬಿಟ್ಟ ಗೈಡ್ ಸಪೋರ್ಟಿನ ಸಂದಿಗೆ ಪೇಂಟ್ ಮೆತ್ತಿಬಿಟ್ಟಿದ್ದಾರೆ ನೋಡೇ!’ ಆಮೇಲೆ ಅರ್ಧ ಗಂಟೆ ಸೈಟಿಗೆ ಫೋನು.

ನಿಮ್ಮ ಬಳಗದಲ್ಲೂ ಇಂಥವರೊಬ್ಬರಿದ್ದರೆ, ತಳಪಾಯ ಹಾಕುವಾಗಲೇ ಕರೆದು ಕಾಫಿ ಕೊಡಿ. ಗೃಹಪ್ರವೇಶದ ದಿನಕ್ಕೆ ಕಾಯಬೇಡಿ.