ಐದನೇ ಲೆವೆಲ್ ಅಣ್ಣ

ಯಾವ ಕೆಲಸವನ್ನೂ ಮೊದಲನೇ ಮೆಟ್ಟಿಲಿನಿಂದ ಶುರು ಮಾಡಬಾರದೆಂದು ವ್ರತ ಹಿಡಿದವರು ಎಲ್ಲ ಊರಲ್ಲೂ ಇರುತ್ತಾರೆ. ರಾಯಚೂರಿನಲ್ಲಿ ಅವರಿಗೆ ಬಿಸಿಲಿನ ಬೆಂಬಲವೂ ಇದೆ: ‘ಈ ಬಿಸಲಾಗ ಮೊದಲಿಂದ ಯಾರು ನಡೀತಾರ್ರೀ?’

ಈ ವಂಶದ ಇತ್ತೀಚಿನ ಕುಡಿ ಐದನೇ ಲೆವೆಲ್ ಅಣ್ಣ. ಊರು ದೇವದುರ್ಗದ ಕಡೆ, ಓದು ಇಂಜಿನಿಯರಿಂಗ್. ನೌಕರಿ ಬೆಂಗಳೂರಿನದು, ಅದನ್ನು ಮಾಡುವುದು ಮಾತ್ರ ರಾಯಚೂರಿನ ಮನೆಯ ಮಹಡಿಯ ಕೋಣೆಯಲ್ಲಿ. ಭಾನುವಾರ ಬಂತೆಂದರೆ ತೀನ್ ಕಂದೀಲ್ ಹತ್ತಿರದ ಗೆಳೆಯನ ಮನೆಗೆ ಹೋಗಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಡುತ್ತಾನೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕದವರಿಬ್ಬರು 1974ರಲ್ಲಿ ಹೊರತಂದ ಈ ಆಟಕ್ಕೆ ಕಾಗದ, ಪೆನ್ಸಿಲ್, ಇಪ್ಪತ್ತು ಮುಖದ್ದೂ ಸೇರಿ ಬಗೆಬಗೆಯ ದಾಳ, ಮತ್ತೆ ಬೇಕಾದಷ್ಟು ಬಾಯಿ ಇದ್ದರೆ ಸಾಕು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. ಪಾತ್ರ ಒಂದರಿಂದ ಇಪ್ಪತ್ತನೇ ಲೆವೆಲ್‌ವರೆಗೆ ಬೆಳೆಯಬಹುದು. ಎಲ್ಲಿಂದ ಹೊರಡಬೇಕೆಂಬುದು ಮಾತ್ರ ಕೂತವರ ಒಪ್ಪಂದ. ಆ ಒಪ್ಪಂದ ಆಗುವುದರೊಳಗೆ ಅಣ್ಣ ಒಂದಿಡೀ ಭಾನುವಾರವನ್ನೂ ಎರಡು ಪ್ಲೇಟ್ ಒಗ್ಗರಣಿ-ಮಿರ್ಚಿಯನ್ನೂ ಮುಗಿಸಿರುತ್ತಾನೆ.

‘ಒಂದನೇ ಲೆವೆಲ್‌ನ್ಯಾಗ ಏನೈತ್ರೀ? ಸೀದಾ ಐದಕ್ಕ ಹೋಗೂಣು.’

ಅವನ ವಾದ ಪೂರ್ತಿ ಸುಳ್ಳೂ ಅಲ್ಲ. 2014ರ ನಿಯಮಪುಸ್ತಕದ ಪ್ರಕಾರ ಒಂದನೇ ಲೆವೆಲ್‌ನ ಮಾಂತ್ರಿಕನ ಎಚ್‌ಪಿ, ಅಂದರೆ ಜೀವದ ಅಂಕ, ಆರರ ಆಸುಪಾಸು. ಗಾಬ್ಲಿನ್ ಎಂಬ ಪುಡಿ ಪಿಶಾಚಿಯ ಒಂದು ಬಾಣ ಸರಿಯಾಗಿ ಬಿದ್ದರೆ ಮಂತ್ರದ ಮೊದಲ ಅಕ್ಷರಕ್ಕೇ ಮಾಂತ್ರಿಕ ಮಲಗುತ್ತಾನೆ. ಅದೇ ಐದಕ್ಕೆ ಬಂದರೆ ಬೆಂಕಿಯುಂಡೆಯ ಮಂತ್ರ ಸಿಗುತ್ತದೆ, ಎಂಟು ದಾಳ ಒಮ್ಮೆಲೇ ಉರುಳಿಸಬಹುದು. ಆದರೆ ಐದಕ್ಕೆ 6,500 ಎಕ್ಸ್‌ಪಿ, ಅಂದರೆ ಅನುಭವದ ಅಂಕ, ಬೇಕು; ಒಂದು ಗಾಬ್ಲಿನ್ ಸತ್ತರೆ ಸಿಗುವುದು ಬರೀ 50. ಅಣ್ಣ ಮೊಬೈಲ್ ತೆಗೆದು ಲೆಕ್ಕ ಹಾಕಿಯೇಬಿಟ್ಟ: ‘ತಲಾ 130 ಗಾಬ್ಲಿನ್! ನಾಲ್ಕು ಮಂದಿಗೆ ಹಂಚಬೇಕಂದ್ರ 520! ಇಡೀ ಮಾನ್ವಿ ತಾಲ್ಲೂಕು ಜರಡಿ ಹಿಡಿದರೂ ಅಷ್ಟು ಸಿಗಂಗಿಲ್ಲ!’

ಮಾನ್ವಿಯ ಹೆಸರೆತ್ತಲು ಕಾರಣವಿತ್ತು. ಕಥೆ ನಡೆಸುವಾಕೆ ಮಾನ್ವಿಯವಳು, ಬ್ಯಾಂಕಿನಲ್ಲಿ ಕೆಲಸ. ಅರ್ಜಿ ಖಾಲಿ ಬಿಟ್ಟವರನ್ನೂ ಕಂಡಿದ್ದಾಳೆ, ತುಂಬಿ ಹಿಂಬದಿಯಲ್ಲೂ ಬರೆದವರನ್ನೂ ಕಂಡಿದ್ದಾಳೆ. ಅಣ್ಣ ಎರಡನೇ ಪೈಕಿ. ಅವನ ಮಾಂತ್ರಿಕನ ಪೂರ್ವಚರಿತ್ರೆ ಹತ್ತು ಪುಟ. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನಿಗೆ ಯುಕ್ತಿ ಹೇಳಿಕೊಟ್ಟವನು ಅವನೇ. ಕೋಟೆಯ ಮೇಲಿಂದ ಇಣುಕಿದವರನ್ನು ಗುಂಡಿಟ್ಟು ಉರುಳಿಸಿದ ಪೋರ್ಚುಗೀಸ್ ಕ್ರಿಸ್ಟೋವಾವೊ ಡಿ ಫಿಗೇರೆಡೊನಿಗೆ ಗುರಿ ಕಲಿಸಿದವನೂ ಅವನೇ. ಸೋತ ಇಸ್ಮಾಯಿಲ್ ಆದಿಲ್ ಶಾಹನಿಗೆ ಕೃಷ್ಣಾ ದಾಟಲು ದಾರಿ ತೋರಿಸಿದವನೂ, ಕರುಣೆಯಿಂದ, ಅವನೇ.

‘ಇಷ್ಟೆಲ್ಲಾ ಮಾಡಿದವ ಒಂದನೇ ಲೆವೆಲ್ ಹೆಂಗಾಗ್ತಾನ?’

‘ಇಷ್ಟೆಲ್ಲಾ ಮಾಡಿ ಮುಗಿಸ್ಯಾನಂದಮ್ಯಾಲೆ ಇನ್ನ ಆಟ ಯಾಕ ಬೇಕಣ್ಣಾ?’

ಅಣ್ಣನ ಈ ಗುಣ ದಾಳದ ಆಟದಿಂದ ಬಂದದ್ದಲ್ಲ. ಊರಿನಲ್ಲಿ ದೊಡ್ಡಾಟ ಕಲಿಸುವ ಸೋದರಮಾವನ ತಾಲೀಮಿಗೂ ಒಮ್ಮೆ ಹೋಗಿದ್ದ, ದುರ್ಯೋಧನನ ಪಾತ್ರವೇ ಬೇಕೆಂದು. ‘ಮೊದಲ ದೂತ ಆಗಪಾ, ಕೈಮುಗಿದು ನಿಲ್ಲೋದು ಕಲಿ’ ಎಂದ ಮಾವ. ದೊಡ್ಡಾಟದಲ್ಲಿ ರಾಜ ರಂಗಕ್ಕೆ ಬಂದಾಗ ಸಾರಥಿ ‘ತಾವು ಯಾರು’ ಎಂದು ಕೇಳುವುದು, ರಾಜ ತನ್ನ ಬಿರುದು-ಬಾವಲಿ ಎಲ್ಲ ಸಾರುವುದು ಪದ್ಧತಿ. ಅಣ್ಣ ಅಷ್ಟು ಮಾತ್ರ ಕಂಠಪಾಠ ಮಾಡಿ ಊರು ಬಿಟ್ಟ.

ಮಾನ್ವಿಯಾಕೆ ತನ್ನೂರಿನ ಅಸ್ತ್ರವನ್ನೇ ಬಿಟ್ಟಳು. ಮಾನ್ವಿ ಕಡೆಯ ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದರೆ ಹೊಟ್ಟೆನೋವಿನ ನೆಪ ಹೇಳಿದರಂತೆ, ನೋವು ನಿಜವಾಗಿಯೇ ಬಂತಂತೆ. ಕೊನೆಗೆ ಗೋಪಾಲದಾಸರ ಮುಂದೆ ತಲೆಬಾಗಿ, ದಾಸರಾಗಿ ಮೊದಲಿಂದ ಶುರು ಮಾಡಿದರು. ಹಾಗೆ ಜಗನ್ನಾಥದಾಸರಾದವರೇ ‘ಹರಿಕಥಾಮೃತಸಾರ’ ಬರೆದದ್ದು.

‘ಅಂಥಾ ಪಂಡಿತರೇ ಒಂದಕ್ಕ ಇಳಿದ್ರು, ಅಣ್ಣಾ.’

ಅಣ್ಣ ಕೈಮುಗಿದ. ಮುಗಿದ ಕೈ ಬಿಚ್ಚುವ ಮೊದಲೇ ವಾದ ಸಿದ್ಧವಾಗಿತ್ತು: ‘ಗೋಪಾಲದಾಸರು ತಮ್ಮ ಆಯುಷ್ಯದಾಗಿಂದ ನಲವತ್ತು ವರ್ಷ ತೆಗೆದು ಕೊಟ್ರಂತಲ್ಲ? ನೀವೂ ನನಗ ನಲವತ್ತು ಎಚ್‌ಪಿ ಕೊಡ್ರಿ, ನಾನೂ ಒಂದಕ್ಕ ಇಳೀತೀನಿ.’

ಮರುವಾರ ಆಕೆ ಎಲ್ಲರನ್ನೂ ಕೋಟೆಗೆ ಕರೆದೊಯ್ದಳು. 1294ರ ಶಾಸನದ ಉದ್ದನೆಯ ಕಲ್ಲು ಇನ್ನೂ ಗೋಡೆಯಲ್ಲಿದೆ. ಕೋಟೆ ಕಟ್ಟಿಸಿದವನು ಗೋರೆ ಗಂಗಯ್ಯ ರೆಡ್ಡಿ ಎಂದು ಅದು ಹೇಳುತ್ತದೆ. ಕಲ್ಲನ್ನು ಗಾಡಿಗೆ ಹೇರಿ ಕೋಣಗಳ ಸಾಲು ಎಳೆದು ತರುತ್ತಿರುವ ಚಿತ್ರವನ್ನೂ ಅದೇ ಗೋಡೆಯಲ್ಲಿ ಕೆತ್ತಿದ್ದಾರೆ. ಬರೆಸಿಕೊಂಡವನಿಗೂ ಎಳೆದವರಿಗೂ ಒಂದೇ ಗೋಡೆ.

‘ಗಂಗಯ್ಯ ರೆಡ್ಡಿ ಯಾವ ಲೆವೆಲ್?’ ಎಂದ ಅಣ್ಣ.

‘ಹದಿನೈದಾದ್ರೂ ಇರಬೇಕು.’

‘ಹಂಗಾದ್ರ ಅವ ನಾನು.’

‘ಕೋಣ ಹೊಡೆಯೋರು?’

ಅಣ್ಣ ಗುಂಪಿನ ಅತಿ ಕಿರಿಯ ಹುಡುಗನ ಕಡೆ ಪ್ರೀತಿಯಿಂದ ನೋಡಿದ.

ಕೊನೆಗೆ ಕೈಯೆತ್ತಿಸಿದಾಗ ಎಲ್ಲರೂ ಒಂದನೇ ಲೆವೆಲ್ ಎಂದು ತೀರ್ಮಾನವಾಯಿತು. ಫಿಗೇರೆಡೊನ ಗುರು ಮೊದಲ ಕಾಳಗದಲ್ಲೇ ಗಾಬ್ಲಿನ್ ಬಾಣಕ್ಕೆ ಗುರಿಯಾದ. ಉಳಿದವರು ಹೇಗೋ ಬದುಕಿ 300 ಎಕ್ಸ್‌ಪಿ ಕೂಡಿಸಿ ಎರಡಕ್ಕೇರಿದರು. ಸತ್ತವನ ಬದಲಿ ಪಾತ್ರ ಗುಂಪಿನವರ ಲೆವೆಲ್‌ನಲ್ಲೇ ಬರಬೇಕೆಂಬುದು ಆ ಮನೆಯ ನಿಯಮ. ಹೀಗೆ ಅಣ್ಣನ ಹೊಸ ಮಾಂತ್ರಿಕ ಒಂದು ಗಾಬ್ಲಿನ್ನನ್ನೂ ಮುಟ್ಟದೆ ಸೀದಾ ಎರಡನೇ ಲೆವೆಲ್‌ನಲ್ಲಿ ಬಂದಿಳಿದ.

ಅಣ್ಣ ಬಹಳ ಹೊತ್ತು ಹೊಸ ಪಾತ್ರದ ವಿವರ ಬರೆದ ಶೀಟನ್ನೇ ನೋಡುತ್ತ ಕೂತ. ಆಮೇಲೆ ಬೆರಳು ಮಡಚಿದ: ಇನ್ನು ಮೂರು ಸಲ ಸತ್ತರೆ ಐದು. ಅಂದಿನಿಂದ ಯಾವ ಗಾಬ್ಲಿನ್ನಿಗೂ ಅವನನ್ನು ಹುಡುಕುವ ಕಷ್ಟವಿಲ್ಲ. ಎದೆ ಸೆಟೆಸಿ ಅವನೇ ಎದುರು ಹೋಗಿ, ಬಿರುದು-ಬಾವಲಿ ಎಲ್ಲ ಸಾರಿ, ಬಾಣಕ್ಕೆ ನಿಲ್ಲುತ್ತಾನೆ.