ಒಳಗೆ ಕೂರುವ ಸಾಕೆಟ್ಟು

ನಂಜನಗೂಡಿನ ನನ್ನ ಅಕ್ಕನ ಮಗನಿಗೆ ರಾಕೆಟ್ಟಿನ ಹುಚ್ಚು. ದೀಪಾವಳಿಯದ್ದಲ್ಲ, ಆರಿಂಚು ದಪ್ಪದ, ಆಳೆತ್ತರ ಮೀರಿದ್ದು. ಒಡಲು ಎರಡು ತುಂಡು. ಜೋಡಿಸುವ ಉಪಾಯ ಕೇಳಲು ಟಿ. ನರಸೀಪುರದಲ್ಲಿ ಬೋರ್‌ವೆಲ್ ಪೈಪು ಮಾರುವ ಚಿಕ್ಕಪ್ಪನ ಅಂಗಡಿಗೆ ಹೋದೆವು.

"ಅದಕ್ಕೇನ್ಲಾ, ಸಾಕೆಟ್ ಹಾಕಿ ಸಲ್ಯೂಷನ್ ಬಳಿ. ಜನ್ಮದಲ್ಲಿ ಬಿಚ್ಚಲ್ಲ."

"ತಾತ, ಹೊರಗಿದ್ರೆ ಗಾಳಿ ತಡೆಯುತ್ತೆ, ಒಳಗೇ ಕೂರಬೇಕು. ಮೇಲೆ ಹೋದ್ಮೇಲೆ ಬಿಚ್ಕೋಬೇಕು, ಪ್ಯಾರಾಚೂಟ್ ಬರೋಕೆ."

"ಬಿಚ್ಕೊಳ್ಳೋ ಸಾಕೆಟ್ ಮಾರಿದ್ರೆ ಗಿರಾಕಿಗಳು ನನ್ನ ಚರ್ಮನೇ ಬಿಚ್ತಾರೆ!"

ಹುಡುಗನ ಮಾತು ಸರಿಯೇ. ಕಪ್ಲರ್ ಎಂಬ ಆ ಒಳಕೊಳವೆ, ಕಪಿಲೆ ಇಲ್ಲಿ ಕಾವೇರಿಯೊಳಗೆ ನುಗ್ಗುವಂತೆ, ಎರಡೂ ತುಂಡುಗಳೊಳಗೆ ಕೊಳವೆಯ ದಪ್ಪದಷ್ಟಾದರೂ ಆಳಕ್ಕೆ ಇಳಿದಿರಬೇಕು. ಆರಿಂಚಿನ ರಾಕೆಟ್ಟಿಗೆ ಆರಾರು, ಒಟ್ಟು ಹನ್ನೆರಡು ಇಂಚು. ಕಮ್ಮಿಯಾದರೆ ವೇಗದಲ್ಲಿ ಗಾಳಿ ಅಡ್ಡ ತಳ್ಳಿದಾಗ ನಡು ಮುರಿಯುತ್ತದೆ. ಗಟ್ಟಿಯಾಗಲೆಂದು ಒಳಗೆ ಗಾಜಿನ ನಾರಿನ ಬಟ್ಟೆ, ಎಪಾಕ್ಸಿ. ಒಂದು ತುದಿಯನ್ನು ಮರಳುಕಾಗದದಲ್ಲಿ ಉಜ್ಜಿ ಅಂಟಿಸುವುದು. ಇನ್ನೊಂದಕ್ಕೆ ಬರೀ ಸಣ್ಣ ನೈಲಾನ್ ಪಿನ್ನು. ಒಳಗಿನ ಚಿಟಿಕೆ ಮದ್ದು ಸಿಡಿದಾಗ ಪಿನ್ನು ತುಂಡಾಗಿ ಪ್ಯಾರಾಚೂಟ್ ಹೊರಬರುತ್ತದೆ.

ಟಿಪ್ಪುವಿನ ಕಾಲದ ರಾಕೆಟ್ಟಿಗೆ ಈ ತಲೆನೋವಿರಲಿಲ್ಲ. ಕಬ್ಬಿಣದ ಕೊಳವೆಯನ್ನು ಬಿದಿರಿಗೆ ಚರ್ಮದ ಪಟ್ಟಿಯಿಂದ ಬಿಗಿದರಾಯಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಹಳೇ ಬಾವಿಯೊಂದರಿಂದ ಅಂಥ ಕೊಳವೆಗಳು ಸಾವಿರಕ್ಕೂ ಹೆಚ್ಚು ಸಿಕ್ಕವು. ವಾಪಸ್ ಮೆಲ್ಲಗೆ ಇಳಿಯಲಿ ಎಂಬ ಆಸೆ ಅವನ್ನು ಶತ್ರುವಿನತ್ತ ಹಾರಿಸುವ ಸೈನಿಕರಿಗೇಕೆ?

ಓದಿ ಉಮೇದು ಬಂದವರಿಗೊಂದು ಮಾತು: ಪರವಾನಗಿ ಇಲ್ಲದೆ ಹಾರಿಸಬೇಡಿ. ನಂಜುಂಡೇಶ್ವರನ ರಥಬೀದಿಯಲ್ಲಂತೂ ಬೇಡವೇ ಬೇಡ.